ಧ್ರುವಕ್ಕೆ ಹೊಟ್ಟು

ದಕ್ಷಿಣ ಧ್ರುವದ ಮಂಜುಗಡ್ಡೆಯನ್ನು ಕರಗದಂತೆ ಕಾಯುವ ಉಪಾಯ ಗೊತ್ತಿದ್ದವರು ಜಗತ್ತಿನಲ್ಲಿ ಒಬ್ಬರೇ. ಅವರು ನನ್ನ ಸೋದರಮಾವ. ಜಗತ್ತು ಅವರನ್ನು ಕೇಳಲಿಲ್ಲ. ಅವರು ಹೋದರು, ಅದು ಕರಗುತ್ತಲೇ ಇದೆ.

ಎಂಬತ್ತರ ದಶಕದಲ್ಲಿ ಮಾವ ರಾಯಚೂರಿನ ಐಸ್ ಫ್ಯಾಕ್ಟರಿಯಿಂದ ಬರ್ಫಿನ ಗಡ್ಡೆಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಮಾನ್ವಿ, ದೇವದುರ್ಗದ ಸೋಡಾ ಅಂಗಡಿಗಳಿಗೆ ಒಯ್ಯುತ್ತಿದ್ದರು. ನಮ್ಮ ಬಿಸಿಲಿನಲ್ಲಿ ಅದು ಸುಮ್ಮನೆ ಮಾತೇ? ಗಡ್ಡೆಯ ಸುತ್ತ ಭತ್ತದ ಹೊಟ್ಟು ತುಂಬಿ, ಗೋಣಿತಟ್ಟು ಸುತ್ತಿ, ತಾವೂ ಬಸ್ಸಿನ ಮೇಲೇ ಕೂತು ಕೊಡೆ ಹಿಡಿಯುತ್ತಿದ್ದರು. ಗಡ್ಡೆಗೆ, ತಮ್ಮ ತಲೆಗಲ್ಲ. ಯಾರಾದರೂ ಗೋಣಿ ಎತ್ತಿ ಇಣುಕಿದರೆ ಗದರುತ್ತಿದ್ದರು: "ಕೂಸು ಮಲಗ್ಯಾದ, ಹೊದಿಕಿ ಯಾಕ ತೆಗಿತೀರಿ?"

ಒಂದು ಸಂಜೆ ರೇಡಿಯೋದಲ್ಲಿ ಯಾರೋ ಮಾತಾಡಿದರು. ಕಾರ್ಖಾನೆಗಳ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆಯಂತೆ, ಧ್ರುವದ ಮಂಜುಗಡ್ಡೆ ಕರಗಿ ಸಮುದ್ರ ಏರಬಹುದಂತೆ. ಬಿಸಿಯ ಸುದ್ದಿ ಕೇಳಿ ರಾಯಚೂರಿನವರಿಗೆ ಏನನ್ನಿಸಬೇಕು? ನಾವು ಊಟ ಮುಂದುವರಿಸಿದೆವು. ಮಾವ ಮಾತ್ರ ಅರ್ಧಕ್ಕೇ ಎದ್ದರು.

"ಅವರು ಹೊಟ್ಟು ಹಾಕಿಲ್ಲೇನು?"

"ಮಾಮಾ, ಅದು ನಮ್ಮ ದೇಶಕ್ಕಿಂತ ದೊಡ್ಡದದ."

"ಹಂಗಾರ ಜಾಸ್ತಿ ಹಾಕಬೇಕು. ಸಿರವಾರದ ಮಿಲ್ಲಿನಾಗ ಹೊಟ್ಟು ಗುಡ್ಡದಂಗ ಬಿದ್ದದ, ಕೇಳೋರಿಲ್ಲ."

"ಹೊಗಿ ನಿಂದ್ರಿಸಬೇಕು ಅಂತಾರ."

"ಹೊಗಿ ನಿಂದ್ರೂತನಕ ಬರ್ಫ್ ಯಾರು ಕಾಯ್ತಾರಲೇ ಅಳಿಯಾ? ದೆಹಲಿಗೆ ಕಾಗದ ಬರಿ. ವಿಜ್ಞಾನಿಗಳು ಸುಮ್ಸುಮ್ನ ಹೋಗಿ ಕೆದರಿ ನೋಡಬಾರದು, ಅದನ್ನೂ ಬರಿ."

ಮಾವನಿಗೆ ಸಹಿ ಮಾತ್ರ ಬರುತ್ತಿತ್ತು. ಮೆಟ್ರಿಕ್ ಪಾಸಾದ ತಪ್ಪಿಗೆ ನಾನು ಬರೆದೆ. ಆಮೇಲೆ ಶುರುವಾಯಿತು ಕಾಯುವುದು. ತಮ್ಮ ಮಾತು ದೆಹಲಿಯಲ್ಲಿ ಯಾರಾದರೂ ಕೇಳಿದರೇ ಎಂಬುದೊಂದೇ ಅವರ ಚಿಂತೆ. ಅವರ ಕಾಟಕ್ಕೆ ಪೋಸ್ಟ್‌ಮನ್ ಓಣಿಯ ತುದಿಯಿಂದಲೇ ಇಲ್ಲವೆಂದು ಕೈಯಾಡಿಸುತ್ತಿದ್ದ.

ಕೊನೆಗೊಂದು ಕಾಗದ ಬಂತು. ಇಂಗ್ಲಿಷಿನಲ್ಲಿ ಒಂದೇ ಸಾಲು: ನಿಮ್ಮ ಪತ್ರ ತಲುಪಿದೆ.

"ಅಷ್ಟೇನು?" ಎಂದರು ಮಾವ.

ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಇನ್ನೊಂದು ಸಾಲು ಅದ, ಮಾಮಾ. ಬರ್ಫ್ ಬಲ್ಲವರ ಮಾತಿದು, ವಿಚಾರ ಮಾಡ್ತೀವಿ ಅಂದಾರ."

ಮಾವ ಅಂದೇ ಸಿರವಾರಕ್ಕೆ ಹೋಗಿ ಮಿಲ್ಲಿನವರಿಗೆ ಹೇಳಿ ಬಂದರು: "ಹೊಟ್ಟು ಸುಡಬ್ಯಾಡ್ರಿ, ಮ್ಯಾಲಿಂದ ಬೇಡಿಕಿ ಬರೂದದ." ಮಿಲ್ಲಿನವರು ನಕ್ಕು ಚಹಾ ಕುಡಿಸಿದರಂತೆ. ಆಮೇಲೆ ಮನೆಗೆ ಬಂದವರಿಗೆಲ್ಲ ನಾನು ಕಾಗದ ಓದಬೇಕಾಯಿತು. ಓದಿದಷ್ಟೂ ನನ್ನ ಸಾಲು ಬೆಳೆಯಿತು. ಕಡೆಕಡೆಗೆ ದೆಹಲಿಯವರು ಮಾವನ ಮಂಡಿನೋವನ್ನೂ ವಿಚಾರಿಸತೊಡಗಿದರು!

ಆ ದಶಕ ಮುಗಿಯುವ ಮೊದಲೇ ಮಾವ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಕಾಗದ ಓದು ಎಂದರು. ಓದಿದೆ. ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಅಳಿಯಾ, ಆ ಎರಡನೇ ಸಾಲು ಅದರಾಗ ಇಲ್ಲಲ್ಲ?"

ನಾನು ಕಾಗದ ಮಡಚತೊಡಗಿದೆ.

"ಮೊದಲನೇ ಸಾಲು ಓದುವಾಗ ನಿನ್ನ ಬೆರಳು ಕಾಗದದ ಮ್ಯಾಲ ಸರಿತದ. ಎರಡನೇದಕ್ಕ ನಿಂತುಬಿಡ್ತದ. ಅವತ್ತ ಗೊತ್ತಾತು."

"ಮತ್ತ ಸಿರವಾರಕ್ಕ ಯಾಕ ಹೋದ್ರಿ, ಮಾಮಾ?"

"ಖುಷಿ ಆಗಿತ್ತಲ್ಲಪ್ಪಾ. ನನ್ನ ಸಲುವಾಗಿ ನೀನ ಸರ್ಕಾರ ಆಗಿದ್ದಿ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಇನ್ನೊಮ್ಮೆ ಓದು."

ಓದಿದೆ. ಎರಡನೆಯ ಸಾಲಿಗೆ, ಖಾಲಿ ಕಾಗದದ ಮೇಲೆ, ಕೊನೆಯ ತನಕ ಬೆರಳು ಸರಿಸಿದೆ.