ಸರ್ಕಾರದ ವಿರುದ್ಧ ನಮ್ಮನಿಯವರು

ನಮ್ಮ ಆಫೀಸಿನ್ಯಾಗ ನಡಿಯೋದನ್ನ ಯಾರಿಗರ ಹೇಳಿದ್ರ "ಸುಳ್ಳು ಹೇಳಬ್ಯಾಡ್ರಿ" ಅಂತಾರ. ಸುಳ್ಳು ಕಟ್ಟಲಿಕ್ಕೂ ಮೈಯಾಗ ಕಸುವು ಬೇಕ್ರೀ. ಸಂಜಿಗೆ ಮೆಟ್ರೋ ಇಳಿದು ಮನಿ ಮುಟ್ಟೋದ್ರಾಗ ನನಗ ಚಪ್ಪಲಿ ಬಿಡಲಿಕ್ಕೂ ಬ್ಯಾಸರ, ಇನ್ನ ಕತಿ ಎಲ್ಲಿ ಕಟ್ಟಲಿ? ನಾ ಧಾರವಾಡದಾಕಿ. ಕಲಕತ್ತಾದಾಗ, ಕಾನೂನು ನ್ಯಾಯ ಅಂತ ನೋಡ್ಕೊಳ್ಳೋ ಒಂದು ಕೇಂದ್ರ ಸರ್ಕಾರಿ ಆಫೀಸಿನ್ಯಾಗ ನೌಕರಿ. ಇಲ್ಲೆ ಇಂಥಾವು ಆಗ್ತನ ಇರ್ತಾವ. ಆದಾಗ ಅಳು ಬರ್ತದ, ಆಮ್ಯಾಲೆ ನಗು ಬರ್ತದ. ಕೆಲವೊಮ್ಮೆ ಎರಡೂ ಕೂಡೇ ಬಂದು, ಯಾವುದು ಮೊದಲು ಅಂತ ಜಗಳಾಡ್ತಾವ.

ಮೀನಿನಂಗಡಿ

ಬಾಲಿಗಂಜ್‌ನಾಗ ನಮ್ಮ ಮನಿ ಕೆಳಗ ಒಬ್ಬ ಮಾಸಿಮಾ ಇದ್ದಾರ. ವಯಸ್ಸಾದ ಹೆಣ್ಣುಮಕ್ಕಳನ್ನ ಇಲ್ಲೆ ಎಲ್ಲಾರೂ ಮಾಸಿಮಾ, ಅಂದ್ರ ಮಾವಶಿ, ಅಂತನ ಕರೀತಾರ. ನಮ್ಮ ಇಲಾಖೆ ಹೆಸರಿನ್ಯಾಗ 'ನ್ಯಾಯ' ಅಂತ ಒಂದು ಶಬ್ದ ಅದ ಅಂತ ಅವರಿಗೆ ಗೊತ್ತಾತು ನೋಡ್ರಿ, ಅವತ್ತಿನಿಂದ ನನ್ನ ಭಾನುವಾರ ಹೋತು.

ಒಮ್ಮೆ ಮುಂಜಾನೆ ಬಂದು, "ನಿಮ್ಮ ಮ್ಯಾಲಿನ ಮನಿಯವರು ಗ್ಯಾಲರಿ ತೊಳದ ನೀರು ನಾ ಒಣಾ ಹಾಕಿದ ಬ್ಯಾಳಿ ಸಂಡಿಗಿ ಮ್ಯಾಲೆ ಬೀಳ್ತದ. ನನಗ ನ್ಯಾಯ ಬೇಕು" ಅಂದ್ರು.

"ಮಾಸಿಮಾ, ನಾವು ನ್ಯಾಯ ಕೊಡೂದಿಲ್ಲ. ಅದು ಕೋರ್ಟಿನ ಕೆಲಸ."

"ಮತ್ತ ನೀವೇನು ಕೊಡ್ತೀರಿ?"

"ಸರ್ಕಾರದ ಉಳಿದ ಇಲಾಖೆಗಳಿಗೆ ಕಾನೂನಿನ ಸಲಹಾ ಕೊಡ್ತೀವಿ. ಯಾರರ ಸರ್ಕಾರದ ಮ್ಯಾಲೆ ಕೇಸು ಹಾಕಿದ್ರ, ಸರ್ಕಾರಕ್ಕ ವಕೀಲರನ್ನ ಕೊಡ್ತೀವಿ."

"ಅಂದ್ರ, ನಾ ಸರ್ಕಾರದ ಮ್ಯಾಲೆ ಕೇಸು ಹಾಕಿದ್ರ, ನೀ ನನ್ನ ವಿರುದ್ಧ ನಿಲ್ಲಾಕಿ?"

"ಹೌದ್ರಿ."

ಮಾಸಿಮಾ ಸೆರಗು ಝಾಡಿಸಿ ಎದ್ರು. "ಮೀನಿನಂಗಡಿ ಅಂತ ಬೋರ್ಡು ಹಾಕಿ, ಒಳಗ ಬರೇ ಬಲೆ ಇಟ್ಕೊಂಡು ಕೂತೀರಲ್ಲ!"

ಮರ ಯಾರದು?

ನಮ್ಮ ಆಫೀಸಿಗೆ ಇಂಗ್ರೇಜರ ಕಾಲದ ವಾಸನಿ ಇನ್ನೂ ಹೋಗಿಲ್ಲ. ಆಗ ಈ ಊರ ರಾಜಧಾನಿ. ರಾಜ್ಯಾ ಆಳವರಿಗೆ 'ಇದು ಕಾನೂನು, ಇದು ಅಲ್ಲ' ಅಂತ ಹೇಳಲಿಕ್ಕೆ ಒಂದಿಷ್ಟು ಮಂದಿ ಬೇಕಾಗಿತ್ತು, ಇಲ್ಲೇ ಇಟ್ಕೊಂಡಿದ್ರು. ಮುಂದ ರಾಜಧಾನಿ ದಿಲ್ಲಿಗೆ ಹೋತು. "ಅಧಿಕಾರ ಅದರ ಬೆನ್ನ ಹಿಂದ ಹೋತು. ದಪ್ಪ ಪುಸ್ತಕಾನೂ ನಾವೂ ಇಲ್ಲೇ ಉಳಿದ್ವಿ" ಅಂತಾರ ನಮ್ಮ ಸಾಹೇಬ್ರು. ಸಾಹೇಬ್ರಂದ್ರ ನಮ್ಮ ಆಫೀಸಿನ ಮುಖ್ಯಸ್ಥರು, ಬಂಗಾಲಿ, ಭಾಳ ಸಾತ್ವಿಕ ಮನುಷ್ಯಾ. ಏನ ಕೇಳ್ರಿ, ಮೊದಲು ಒಂದು ನಿಟ್ಟುಸಿರು ಬಿಡ್ತಾರ, ಆಮ್ಯಾಲೆ ಚಹಾ ತರಸ್ತಾರ.

ಖಿದಿರ್‌ಪುರದಾಗ ಎರಡು ಸರ್ಕಾರಿ ಆಫೀಸಿನ ನಡುವ ಒಂದು ಹಲಸಿನ ಮರ. ಕಾಯಿ ಬಿಟ್ಟಾಗೆಲ್ಲಾ ಎರಡೂ ಕಡಿಯವರು "ಮರ ನಮ್ಮದು" ಅಂತಿದ್ರು. ಒಂದಿನ ಕೊಂಬಿ ಮುರದು ಒಂದು ಆಫೀಸಿನ ಜೀಪಿನ ಮ್ಯಾಲೆ ಬಿತ್ತು. ಅವತ್ತಿನಿಂದ ಇಬ್ಬರೂ "ಮರ ನಿಮ್ಮದು" ಅನ್ನಲಿಕ್ಹತ್ತಿದ್ರು. ಜಗಳಾ ಬಗೀಹರೀಲಿಲ್ಲ, ಇಬ್ಬರೂ ಸಲಹಾ ಕೇಳಲಿಕ್ಕೆ ನಮ್ಮ ಕಡೆ ಬಂದ್ರು. ಇಬ್ಬರೂ ನಮ್ಮ ಗಿರಾಕಿನ.

ಸಾಹೇಬ್ರು ನಿಟ್ಟುಸಿರು ಬಿಟ್ಟು, "ಮೇಡಂ, ನೆಲ ಸರ್ಕಾರದ್ದು, ಮರ ಸರ್ಕಾರದ್ದು, ಜೀಪೂ ಸರ್ಕಾರದ್ದು. ಯಾರು ಯಾರ ಮ್ಯಾಲೆ ಕೇಸು ಹಾಕ್ತಾರ?" ಅಂದ್ರು.

"ಸರ್ಕಾರ ಸರ್ಕಾರದ ಮ್ಯಾಲೆ, ಸರ್."

"ವಕೀಲರನ್ನ ಯಾರು ಕೊಡ್ತಾರ?"

"ಇಬ್ಬರಿಗೂ ನಾವ."

ಚಹಾ ಬಂತು. ಕಡೀಕ ಇಬ್ಬರನ್ನೂ ಕೂಡಿಸಿ ಮೀಟಿಂಗ್ ಮಾಡಿದ್ವಿ. ಆ ಮರಕ್ಕೂ ನಮಗೂ ಸಂಬಂಧನ ಇಲ್ಲ ಅಂತ ಇಬ್ಬರೂ ಆಣಿ ಪ್ರಮಾಣ ಮಾಡಿದ್ರು. "ಹಂಗಾರ ಈ ವರ್ಷದ ಕಾಯಿ ಎಲ್ಲೆ ಹೋದ್ವು?" ಅಂತ ಕೇಳಿದೆ. ಇಬ್ಬರೂ ಛತ್ತು ನೋಡಿದ್ರು. ಆಮ್ಯಾಲೆ ಗೊತ್ತಾತು, ಎರಡೂ ಕ್ಯಾಂಟೀನಿನ್ಯಾಗ ಎಳೇ ಹಲಸಿನ ಪಲ್ಯ ಭಾಳ ಛಲೋ ಆಗಿತ್ತಂತ.

ಮುಂದಿನ ತಾರೀಖು

ಸರ್ಕಾರದ ಉತ್ತರ ಕೋರ್ಟಿಗೆ ಹೊತ್ತಿಗೆ ಸರಿಯಾಗಿ ಹೋಗೂದಿಲ್ಲ. ಇದು ಯಾರ ತಪ್ಪೂ ಅಲ್ಲ. ಇಲಾಖೆಯವರು ನಮಗ ಬರೀತಾರ, ನಾವು ದಿಲ್ಲಿಗೆ ಬರೀತೀವಿ, ದಿಲ್ಲಿಯವರು ಇಲಾಖೆಯವರನ್ನ ಕೇಳ್ರಿ ಅಂತಾರ. ನಮ್ಮ ಒಬ್ಬ ವಕೀಲರು ಎದ್ದು ನಿಂತು "ಸ್ವಾಮಿ, ಇನ್ನೊಂದಿಷ್ಟು ಟೈಮ್ ಬೇಕು" ಅಂತ ಹೇಳಿ ಹೇಳಿ ಅದ ಅವರ ಹೆಸರಾಗಿಬಿಟ್ಟಿತ್ತು.

ಒಂದು ಕೇಸಿನ್ಯಾಗ ನಾ ಬೆನ್ನು ಹತ್ತಿ, ಬೈದು, ಕಾಡಿ ಬೇಡಿ, ಅಂತೂ ಉತ್ತರ ತಯಾರು ಮಾಡಿಸಿದೆ. ವಕೀಲರು ಹುರುಪಿಲೆ ಕೋರ್ಟಿನ್ಯಾಗ ಎದ್ದು ನಿಂತ್ರು. ಜಡ್ಜು ಅವರ ಮಾರಿ ನೋಡಿದ ಕೂಡಲೇ "ಆತು, ಆತು, ಮುಂದಿನ ತಿಂಗಳು" ಅಂದು ಮುಂದಿನ ಕೇಸು ಕರದ್ರು!

ಉಪ್ಪು ಕಡಿಮಿ ಅದ

ನಮ್ಮನಿಯವರೂ ಕೇಂದ್ರ ಸರ್ಕಾರದವರ, ಆದ್ರ ಬ್ಯಾರೆ ಇಲಾಖೆ. ಮದುವ್ಯಾಗಿ ಅರ್ಧ ಸಂಸಾರ ಅವರೊಂದು ಊರು, ನಾನೊಂದು ಊರು. ಈ ಊರಿಗೆ ಬಂದ ಮ್ಯಾಲೆ ನಮ್ಮದು ಒಂದ ಅಡಿಗಿಮನಿ ಆತು. ಅವರು ರಿಟೈರ್ ಆಗಲಿಕ್ಕೆ ಇನ್ನ ಸ್ವಲ್ಪ ದಿನ ಅನ್ನೋದ್ರಾಗ ಚೆನ್ನೈಗೆ ವರ್ಗ ಆತು. ಸುದ್ದಿ ಕೇಳಿ ನಾ ಗ್ಯಾಸ್ ಆರಿಸಿ ಅಲ್ಲೇ ನೆಲದ ಮ್ಯಾಲೆ ಕೂತೆ. ಫೋನಿನ್ಯಾಗ "ಊಟ ಆತೇನ್ರಿ, ಗುಳಿಗಿ ತಗೊಂಡ್ರೇನ್ರಿ" ಅನ್ನೋ ಸಂಸಾರ ಮಾಡಿ ಮಾಡಿ ನನಗ ಸಾಕಾಗಿಹೋಗಿತ್ತು. ಮತ್ತ ಅದ ಅಂದ್ರ ಜೀವ ಒಲ್ಲೆ ಅಂತು.

ನಮ್ಮನಿಯವರು ಸಿಟ್ಟಿಗೆದ್ದು ಸರ್ಕಾರಿ ನೌಕರರ ತಕರಾರು ಕೇಳೋ ಟ್ರಿಬ್ಯೂನಲ್ಲಿಗೆ ಹೋದ್ರು. ಅಲ್ಲಿ ಜಡ್ಜು, "ಸರ್ಕಾರದ ಉತ್ತರ ಬಂದು ವಿಚಾರಣಿ ಆಗೋತನಕ ಇವರನ್ನ ಕದಲಿಸಬ್ಯಾಡ್ರಿ" ಅಂದ್ರು. ಕೇಸು ಸರ್ಕಾರದ ವಿರುದ್ಧ. ಸರ್ಕಾರದ ಪರ ನಿಲ್ಲವರು ನಮ್ಮ ಆಫೀಸಿನವರು. ಅಂದ್ರ ವಾದಿನೂ ಪ್ರತಿವಾದಿನೂ ಒಂದ ಕುಕ್ಕರಿನ ಅನ್ನ ಉಣ್ಣಲಿಕ್ಹತ್ತಿದ್ವಿ.

ಮರುದಿನ ನಾಷ್ಟಾಕ್ಕ ಉಪ್ಪಿಟ್ಟು ಬಡಿಸಿದೆ. "ಉಪ್ಪು ಕಡಿಮಿ ಅದ" ಅಂದ್ರು.

"ಅರ್ಜಿ ಕೊಡ್ರಿ. ನಾಕು ವಾರದಾಗ ಉತ್ತರಾ ಕೊಡ್ತೀವಿ."

"ನಿಮ್ಮ ಆಫೀಸಿನ ನಾಕು ವಾರ ಅಂದ್ರ ನಾಕು ವರ್ಷ ಅಲ್ಲಾ? ತಾ ಇಲ್ಲೆ ಉಪ್ಪು."

ನಮ್ಮ ಮಗಳು ಇಲ್ಲೇ ಸೆಕ್ಟರ್ ಫೈವ್‌ನಾಗ ಐಟಿ ಕಂಪನಿ ಕೆಲಸದಾಕಿ, ಕನ್ನಡ ತಿಳೀತದ, ಮಾತಾಡಲಿಕ್ಕೆ ನಾಲಿಗಿ ಎಡವತದ. ಇಬ್ಬರ ಮಾರಿನೂ ನೋಡಿ, "ಬಟ್ ಅಪ್ಪಾ, ನೀವಿಬ್ಬರು ಸೇಮ್ ಕಂಪನಿ ಅಲ್ಲಾ? ಗೌರ್ಮೆಂಟ್? ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಬಿಡಿ ನಾ!" ಅಂದ್ಲು.

ಮರ್ಯಾದಿ ಉಳಿಸಿದ್ರು

ನಾ ಮೊದಲ ಸಾಹೇಬ್ರಿಗೆ ಹೇಳಿಬಿಟ್ಟೆ. "ಸರ್, ಕೇಸು ನಮ್ಮನಿಯವರದು. ಇದರ ಫೈಲು ನನ್ನ ಟೇಬಲ್ಲಿಗೆ ಬರಬಾರದು." ಸಾಹೇಬ್ರು ನಿಟ್ಟುಸಿರು ಬಿಟ್ಟು, "ನಾನ ನೋಡ್ತೀನಿ, ಚಿಂತಿ ಬಿಡ್ರಿ" ಅಂದ್ರು.

ನಾ ಚಿಂತಿ ಬಿಟ್ಟೆ. ಖರೆ ಹೇಳ್ತೀನಿ, ಒಳಗೊಳಗ ಖುಷಿನ ಆಗಿತ್ತು. ನಮ್ಮ ಆಫೀಸಿನ ಚಾಲು ಬಲ್ಲಾಕಿ ನಾ. ಉತ್ತರಾ ಹೋಗೋದ್ರಾಗ ಇವರು ರಿಟೈರ್ ಆಗಿ, ಹಾರಾ ಹಾಕಿಸ್ಕೊಂಡು, ಮನಿಗೆ ಬಂದಿರ್ತಾರ. ಜೀವಮಾನ ಪೂರ್ತಿ ತಡಾ ಆತು ತಡಾ ಆತು ಅಂತ ಒದರಿದಾಕಿ, ಈಗ ದೇವರ ಮುಂದ ನಿಂತು, "ತಂದೀ, ತಡಾ ಆಗಲಿ" ಅಂತ ಬೇಡ್ಕೊಂಡೆ.

ಆಗಿದ್ದ ಬ್ಯಾರೆ. ಸಾಹೇಬ್ರು ಎಲ್ಲಾರನ್ನೂ ಕರದು, "ಹೆಂಡತಿ ಇಲ್ಲಿದ್ದಾರ ಅಂತ ಬೇಕಂತನ ತಡಾ ಮಾಡಿದ್ರು ಅಂತ ಯಾರೂ ಬೊಟ್ಟು ಮಾಡಬಾರದು. ಇದು ಮೇಡಂ ಅವರ ಮರ್ಯಾದಿ ಪ್ರಶ್ನೆ" ಅಂದ್ರಂತ. ಮುಂದ ದುರ್ಗಾಪೂಜಾ ಇತ್ತು. ಪೂಜಾ ಬಂತಂದ್ರ ಈ ಊರಾಗ ಗಡಿಯಾರಾನೂ ಸೂಟಿ ಹಾಕ್ತದ. ಅಂಥಾದ್ರಾಗ ನಮ್ಮ ಆಫೀಸಿನವರು ಊಟದ ಹೊತ್ತಿನ್ಯಾಗೂ ಕೂತು, ದಿಲ್ಲಿಗೆ ಫೋನ್ ಮ್ಯಾಲೆ ಫೋನ್ ಹಚ್ಚಿ, ಉತ್ತರಾ ತಯಾರು ಮಾಡಿ, ತಾರೀಖಿನ ಒಳಗ ಹಾಕಿಬಿಟ್ರು. ನಾ ಕಣ್ಣಾರೆ ಕಂಡಂಗ ನಮ್ಮ ಆಫೀಸಿನ್ಯಾಗ ಇದು ಮೊದಲನೇದು.

ಸಾಹೇಬ್ರು ಸಂದೇಶ್, ಅಂದ್ರ ಇಲ್ಲಿನ ಹಾಲಿನ ಸಿಹಿ, ತರಿಸಿ ಹಂಚಿದ್ರು. "ಮೇಡಂ, ನಿಮ್ಮ ಮರ್ಯಾದಿ ಉಳಿಸಿದ್ವಿ." ಪಾಪ, ಎಲ್ಲಾರ ಕಣ್ಣೂ ದಣಿದಿದ್ವು, ಮಾರಿ ಮಾತ್ರ ಅರಳಿತ್ತು. ನಾ ನನ್ನ ಪಾಲಿನ ಸಂದೇಶ್ ಕಾಗದದಾಗ ಸುತ್ತಿ ಪರ್ಸಿನ್ಯಾಗ ಇಟ್ಕೊಂಡೆ.

ಮನ್ಯಾಗ ನಮ್ಮನಿಯವರು ಬಾಗಿಲದಾಗ ನಿಂತಿದ್ರು. "ಮಂದಿ ಕೇಸಿನ್ಯಾಗ ವರ್ಷಗಟ್ಟಲೇ ಮಲಗೋ ಆಫೀಸು, ನನ್ನ ಕೇಸಿಗೆ ಎದ್ದು ಓಡ್ತದ. ನನ್ನ ಕಳಸಲಿಕ್ಕೆ ನಿನಗ ಅಷ್ಟು ಅವಸರ ಆಗಿತ್ತೇನು?" ಅಂದ್ರು. ಚಾಷ್ಟಿ ಮಾಡ್ಲಿಕ್ಹತ್ಯಾರ ಅನ್ಕೊಂಡೆ. ಕಣ್ಣು ನೋಡಿದ್ರ ಚಾಷ್ಟಿ ಅಲ್ಲ. ಅವತ್ತು ಇಬ್ಬರೂ ಸರಿಯಾಗಿ ಉಣ್ಣಲಿಲ್ಲ. ಮಗಳು ಹೊರಗಿಂದ ಊಟ ತರಿಸಿ ತಾನೊಬ್ಬಾಕಿನ ಉಂಡ್ಲು.

ಒಂದ ಊರಾಗ

ಪೂಜಾ ಮುಗದ ಮ್ಯಾಲೆ ವಿಚಾರಣಿ. ಅಲ್ಲೆ ಏನಾತು ಅಂತ ನಮ್ಮನಿಯವರ ಬಂದು ಹೇಳಿದ್ರು. ಜಡ್ಜು ಕಾಗದಾ ತಿರುವಿ ತಿರುವಿ ನೋಡಿ, "ಸರ್ಕಾರದ ಉತ್ತರ? ಇಷ್ಟು ಲಗೂನ? ಈ ಕೇಸಿನ್ಯಾಗ ಏನು ವಿಶೇಷ?" ಅಂತ ಕೇಳಿದ್ರಂತ. ಸರ್ಕಾರಿ ವಕೀಲರು ಇದ್ದದ್ದು ಇದ್ದಂಗ, "ಅರ್ಜಿದಾರರ ಹೆಂಡತಿ ನಮ್ಮ ಆಫೀಸಿನ್ಯಾಗನ ಇದ್ದಾರ್ರಿ" ಅಂದ್ರಂತ. ಜಡ್ಜು ಕನ್ನಡಕ ಕೆಳಗ ಸರಿಸಿ ನಮ್ಮನಿಯವರನ್ನ ನೋಡಿ, "ಮನ್ಯಾಗ ಎಲ್ಲಾ ಆರಾಮ ಅದ ಅಲ್ಲ?" ಅಂದ್ರಂತ. ಇಡೀ ಕೋರ್ಟು ನಕ್ಕಿತಂತ.

ಆಮ್ಯಾಲೆ ಜಡ್ಜು ಹೇಳಿದ್ದು ಇಷ್ಟ: "ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರದವರು. ಇಬ್ಬರನ್ನೂ ಒಂದ ಊರಾಗ ಇಡ್ರಿ. ಯಾವ ಊರು ಅನ್ನೋದು ಸರ್ಕಾರಕ್ಕ ಬಿಟ್ಟದ್ದು. ಒಂದು ತಿಂಗಳದಾಗ ಆಗಬೇಕು." ಆರ್ಡರಿನ ಒಂದು ಪ್ರತಿ ಅವರ ಇಲಾಖೆಗೆ, ಒಂದು ಪ್ರತಿ ನಮ್ಮ ಇಲಾಖೆಗೆ ಹೋತು.

ಅವತ್ತು ಮನ್ಯಾಗ ಹೋಳಿಗಿ ಮಾಡಿದೆ. ಊರು ಯಾವುದಾದ್ರೇನ್ರಿ, ಮನಿ ಒಂದ ಇದ್ರ ಸಾಕು ಅನ್ನಿಸಿತ್ತು.

ತಿಂಗಳು ಮುಗಿಯೋದ್ರಾಗ ಒಂದಿನ ಮಧ್ಯಾಹ್ನ ನಮ್ಮನಿಯವರ ಫೋನು ಬಂತು. "ಏ, ನನ್ನ ವರ್ಗ ರದ್ದು ಮಾಡಿದ್ರು! ನಾ ಎಲ್ಲೂ ಹೋಗೂದಿಲ್ಲ, ಇಲ್ಲೇ!" ನಾ ಏನರ ಅನ್ನೋದ್ರಾಗ ಸಾಹೇಬ್ರು ನನ್ನ ಟೇಬಲ್ ಮುಂದ ಬಂದು ನಿಂತ್ರು. ಯಾವತ್ತೂ ಇಲ್ಲದ ನಗು.

"ಮೇಡಂ, ಕೋರ್ಟಿನ ಮಾತು ನಾವೂ ನಡಿಸಿದ್ವಿ. ದಿಲ್ಲಿಗೆ ನಾನ ಬೆನ್ನು ಹತ್ತಿದೆ. ನಿಮ್ಮನ್ನ ನಿಮ್ಮನಿಯವರ ಕೂಡ ಹಾಕಿಸೀನಿ. ಚೆನ್ನೈಗೆ!"

ಫೋನಿನ್ಯಾಗ ನಮ್ಮನಿಯವರು "ಹಲೋ, ಹಲೋ, ಕೇಳಸ್ತೇನು?" ಅಂತ ಒದರಲಿಕ್ಹತ್ತಿದ್ರು. ಕೇಳಸ್ತದ, ಎರಡೂ ಕಿವಿಯಾಗ ಕೇಳಸ್ತದ! ನನಗ ನಗು ಬಂತು, ನಗೂತ ನಗೂತ ಅಳು ಬಂತು, ಮಂದಿ ಮುಂದ ಅನ್ನೋ ನಾಚಿಕಿನೂ ಉಳೀಲಿಲ್ಲ. ಸಾಹೇಬ್ರು ಖುಷಿಗೆ ಅಳಲಿಕ್ಹತ್ತೀನಿ ಅನ್ಕೊಂಡು, "ಛೇ ಛೇ, ಇದು ನಮ್ಮ ಕರ್ತವ್ಯ" ಅಂದ್ರು. ಸಂಗತಿ ಹೇಳಿದೆ. ಎದುರಿನ ಕುರ್ಚಿ ಮ್ಯಾಲೆ ಕುಸದು ಕೂತ್ರು. ನಿಟ್ಟುಸಿರೂ ಬರಲಿಲ್ಲ, ಚಹಾನೂ ನೆನಪಾಗಲಿಲ್ಲ.

ಕಡೀಕ, "ಆರ್ಡರು ಬಂದ ಮ್ಯಾಲೆ ನನ್ನ ಕೈಯಾಗ ಏನೂ ಇಲ್ಲ. ಒಂದು ಕೆಲಸಾ ಮಾಡ್ರಿ ಮೇಡಂ. ನೀವೂ ಸರ್ಕಾರದ ಮ್ಯಾಲೆ ಕೇಸು ಹಾಕಿಬಿಡ್ರಿ. ಅಂಜಬ್ಯಾಡ್ರಿ, ನಾವಿದ್ದೀವಿ" ಅಂದ್ರು.

"ನನ್ನ ಕಡೆ ಏನ್ರಿ ಸರ್?"

"ಅದೆಂಗ ಬರ್ತದ? ಸರ್ಕಾರದ ಕಡೆ."

ಎದ್ದು ಬಾಗಿಲ ತನಕ ಹೋದ್ರು. ಅಲ್ಲಿಂದ ತಿರುಗಿ ಬಂದು, ಆಜೂಬಾಜೂ ಯಾರೂ ಇಲ್ಲ ಅಂತ ನೋಡಿ, ದನಿ ಸಣ್ಣಗ ಮಾಡಿ ಅಂದ್ರು: "ಆದ್ರ ಈ ಸಲ ಅವಸರಾ ಮಾಡೂದಿಲ್ಲ."