ದಶಮಿಯಂದು ಟವರ್ ಏರಿದವನು

ಮುಹೂರ್ತ ನೋಡದೆ ನಾನು ಹೊಸ ಪೊರಕೆಯನ್ನೂ ಮನೆಯೊಳಗೆ ತರುವವನಲ್ಲ. ಆಂಧ್ರದ ಗಡಿಯಂಚಿನ ಹೊಳಗುಂದದ ನಮ್ಮ ಮನೆಯಲ್ಲಿ ಇದಕ್ಕೆ ಹೆಮ್ಮೆಪಡುವವನು ನಾನೊಬ್ಬನೇ.

ನಮ್ಮ ಹಿತ್ತಲಲ್ಲಿ ಒಂದು ಹಳೆಯ ಮೊಬೈಲ್ ಟವರ್ ಇದೆ. ಅದರ ಕಾಲಿಗೆ ನನ್ನ ಹೆಂಡತಿ ಪದ್ಮಾ ಮಡಿಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾಳೆ. ಹೊಸ ನೆಟ್‌ವರ್ಕ್ ಬರುತ್ತದೆ ಎಂದಾಗ ಹೊಸ ಟವರನ್ನೇ ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ಕೆಲಸಕ್ಕೆ ಬಂದ ಖಾಜಾ ನಕ್ಕ. ಟವರ್ ಗಟ್ಟಿಯಾಗಿದೆ, ಕರೆಂಟು, ಕೇಬಲ್ಲು ಎಲ್ಲ ಇಲ್ಲೇ ಇವೆ, ಆಂಟೆನಾ ಬದಲಿಸಿದರೆ ಸಾಕು, ಅರ್ಧ ದಿನ ಮಾತ್ರ ಊರಿಗೆ ಸಿಗ್ನಲ್ ಇರುವುದಿಲ್ಲ ಎಂದ. ಅವನು ಬಂದದ್ದು ಅಮಾವಾಸ್ಯೆಯ ದಿನ. ಕೂಡದೆಂದೆ. ಪಂಚಾಂಗ ತಿರುವಿ ದಶಮಿಯ ಬೆಳಗನ್ನು ಗೊತ್ತುಮಾಡಿದೆ.

"ಇದೇನು ಮದಿವೀನಾ ಸ್ವಾಮಿ?" ಎಂದವನು ಒಪ್ಪಿಕೊಂಡು ಹೋದ.

ದಶಮಿಯಂದು ಖಾಜಾ ಸಿಗ್ನಲ್ ನಿಲ್ಲಿಸಿ ತುದಿ ಮುಟ್ಟಿದ್ದನಷ್ಟೆ, ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ವಸುಧಾಳಿಗೆ ನೋವು ಶುರುವಾಯಿತು. ಡಾಕ್ಟರು ಹೇಳಿದ ದಿನ ಇನ್ನೂ ದೂರವಿತ್ತು. ಆದೋನಿಯ ಆಸ್ಪತ್ರೆಗೆ ಹೋಗಬೇಕು. ಯಾರ ಫೋನಿಗೂ ಜೀವವಿಲ್ಲ. ನಾನು ಫೋನು ಹಿಡಿದು ಅಂಗಳದಲ್ಲಿ ನಿಂತೆ. ಆ ಹೊತ್ತು ನಾನು ಮಾಡಿದ ಕೆಲಸ ಅಷ್ಟೇ. ಪದ್ಮಾ ಹಿತ್ತಲಿಗೆ ಓಡಿ ಮೇಲೆ ನೋಡಿ ಕೂಗಿದಳು. ಅಷ್ಟೆತ್ತರದಲ್ಲಿ ಖಾಜಾನ ಫೋನಿಗೆ ಕರ್ನಾಟಕದ ಕಡೆಯ ಯಾವುದೋ ಟವರ್ ಸಿಗುತ್ತಿತ್ತು. ಆದೋನಿಯಲ್ಲಿ ಆಂಬುಲೆನ್ಸ್ ಓಡಿಸುವ ತನ್ನ ಭಾವನಿಗೆ ಬೆಲ್ಟಿನಲ್ಲಿ ಜೋತುಕೊಂಡೇ ಫೋನು ಮಾಡಿದ. ಮನೆಯ ಗುರುತು ತಪ್ಪಬಾರದೆಂದು ನಾನು ಕೆಳಗಿನಿಂದ, ಬಸ್ ನಿಲ್ದಾಣದ ಪಶ್ಚಿಮಕ್ಕೆ ಬಂದು, ಹಿಟ್ಟಿನ ಗಿರಣಿ ದಾಟಿ ಎಂದು ವಿವರಿಸತೊಡಗಿದೆ.

"ಬ್ಯಾಡ ಬಿಡ್ರಿ ಸ್ವಾಮಿ. ಟವರ್ ನೋಡ್ಕೊಂತ ಬಾ, ತುದೀಗೆ ನಾನ ಅದೀನಿ ಅಂತ ಹೇಳೀನಿ."

ಗಾಡಿ ಬಂದು ತಾಯಿ ಮಗಳನ್ನು ಕೂರಿಸಿಕೊಳ್ಳುವವರೆಗೂ ಅವನು ಕೆಲಸ ಬಿಟ್ಟು ಕೆಂಪು ಟವೆಲ್ ಬೀಸುತ್ತಲೇ ಇದ್ದ. ಮನೆಯಲ್ಲಿ ಯಾರಾದರೂ ಇರಬೇಕೆಂದು ಪದ್ಮಾ ನನ್ನನ್ನು ಬಿಟ್ಟು ಹೋದಳು. ನಿಜ ಏನೆಂದರೆ, ನಾನು ಆಗಲೂ ಆ ಸತ್ತ ಫೋನನ್ನೇ ಒತ್ತುತ್ತಿದ್ದೆ.

ಮಧ್ಯಾಹ್ನ ಖಾಜಾ ಇಳಿದು, ಹೊಸ ನೆಟ್‌ವರ್ಕ್ ಬಂತೆಂದು ಹೇಳಿ, ಕೊಟ್ಟ ಕಾಫಿ ಕುಡಿಯುತ್ತಿದ್ದ. ಫೋನು ಬಡಿದುಕೊಂಡಿತು. ಪದ್ಮಾ. ಹೆಣ್ಣು ಮಗು ಎಂದಳು. ನಾನು ಮೊದಲು ಕೇಳಿದ್ದು, ಹುಟ್ಟಿದ್ದು ಸರಿಯಾಗಿ ಎಷ್ಟು ಗಂಟೆಗೆ ಎಂದು.

"ಗಡಿಯಾರ ಯಾರು ನೋಡ್ಕೊಂತ ಕುಂತಾರ? ತಾಯಿ ಕೂಸು ಇಬ್ರೂ ಚಲೋ ಅದಾರ. ಇಷ್ಟು ಸಾಲದೇನ್ರಿ?"

ಸಾಲುತ್ತದೆ ಎನ್ನಬೇಕಿತ್ತು. ಬಾಯಿ ತೆರೆದೆ, ಮಾತು ಹೊರಡಲಿಲ್ಲ.

"ಹಲೋ? ಏನ್ರಿ, ಕೇಳಸ್ತೈತೇನು? ಖಾಜಾಗ ಹೇಳ್ರಿ, ಸಿಗ್ನಲ್ ಇನ್ನೂ ಸರಿ ಬಂದಿಲ್ಲ."

ಪಕ್ಕದಲ್ಲೇ ಕುಳಿತಿದ್ದ ಖಾಜಾನಿಗೆ ಅದು ಚೆನ್ನಾಗಿ ಕೇಳಿಸಿತು. ಅವನು ನನ್ನ ಮುಖ ನೋಡಿದ, ಫೋನನ್ನು ಮೆಲ್ಲಗೆ ತೆಗೆದುಕೊಂಡ, "ಸಿಗ್ನಲ್ ಚಲೋ ಐತ್ರೀ ಅಮ್ಮಾ. ಸ್ವಾಮೀನ ಸ್ವಲ್ಪ ರಿಪೇರಿಗೆ ಬಂದಾರ" ಎಂದ.