ಮೊಲಗಳ ತವರುಮನೆ

ಫೋಟೋ ಸ್ಟುಡಿಯೋ ಇಟ್ಟುಕೊಂಡವನ ಬಾಳಿನಲ್ಲಿ ನಗೆಪಾಟಲಿಗೆ ಎಂದೂ ಬರವಿಲ್ಲ. ಆಧಾರ್ ಕಾರ್ಡಿನ ಫೋಟೋಕ್ಕೆ ರುಮಾಲು ಸುತ್ತಿ ಗಂಧ ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ. ಮಾರಬೇಕಾದ ಎಮ್ಮೆಯ ಫೋಟೋ ತೆಗೆಸಿ, “ಸ್ವಲ್ಪ ಬೆಳ್ಳಗ ಮಾಡಿ ಕೊಡ್ರಿ” ಎಂದವರನ್ನೂ ನೋಡಿದ್ದೇನೆ. ಆದರೆ ನನ್ನ ಹೆಂಡತಿ ಮೊಲಗಳನ್ನು ಮನೆಗೆ ತಂದ ಮೇಲೆ ಶಿಗ್ಗಾವಿಯ ನಮ್ಮ ಓಣಿಯಲ್ಲಿ ನಡೆದದ್ದರ ಮುಂದೆ ಅವೆಲ್ಲ ಸಪ್ಪೆ.

ಶೆಡ್ಡಿನ ಫೋಟೋ

ಬಂಕಾಪುರದ ಆಚೆ ಒಬ್ಬರು ಮೊಲದ ಫಾರ್ಮ್ ಮಾಡಿದ್ದರು. ಮರಿ ಕೊಟ್ಟ ಕಂಪನಿಯವರು “ಬೆಳೆಸಿ ಕೊಡ್ರಿ, ನಾವೇ ಕೊಂಡ್ಕೋತೇವಿ” ಎಂದಿದ್ದರಂತೆ. ಮೊಲ ಬೆಳೆದವು, ಅವರು ಫೋನು ಎತ್ತುವುದನ್ನು ಬಿಟ್ಟರು. ಪಾಪ, ಇವರು ಸೋತು ಸುಣ್ಣವಾಗಿ ಶೆಡ್ಡನ್ನೇ ಮಾರಲು ನಿಂತರು. ಜಾಹೀರಾತಿಗೆ ಫೋಟೋ ಬೇಕೆಂದು ನನ್ನನ್ನು ಕರೆದರು. ಹಿರೇಬೆಂಡಿಗೇರಿಯ ಅಕ್ಕನ ಮನೆಗೆ ಹೋಗುವುದಿದೆ ಎಂದು ಹೆಂಡತಿಯೂ ಸ್ಕೂಟರ್ ಹತ್ತಿದಳು.

ಶೆಡ್ಡಿನ ಒಳಗೆ ಸಾಲು ಸಾಲು ತಂತಿ ಪಂಜರ. ನೆಲವೂ ತಂತಿಯದೇ. ಅದರ ಮೇಲೆ ಕುಳಿತು ಕುಳಿತು ಮೊಲಗಳ ಹಿಂಗಾಲಿನ ಅಡಿ ಕೆಂಪಾಗಿ ಹುಣ್ಣಾಗಿತ್ತು. ಹೆಂಡತಿ ಬಾಗಿ ಒಂದೊಂದರ ಕಾಲನ್ನೂ ನೋಡುತ್ತ ಹೋದಳು.

“ಇವನ್ನೆಲ್ಲಾ ಏನ್ ಮಾಡ್ತೀರಿ ಅಣ್ಣಾರ?”

“ಹೈವೇದಾಗ ಧಾಬಾದಾಂವ ಕೇಳ್ಯಾನ್ರಿ ಅಕ್ಕಾರ.”

“ಹಂಗಾದ್ರ ನಾ ಒಯ್ತೇನಿ.”

“ಎಷ್ಟು ಬೇಕ್ರಿ?”

“ಎಲ್ಲಾ.”

ನಾನಾಗ ಕ್ಯಾಮೆರಾಕ್ಕೆ ಒಂದು ಕಣ್ಣು ಕೊಟ್ಟು ಇನ್ನೊಂದನ್ನು ಮುಚ್ಚಿದ್ದೆ. ಮುಚ್ಚಿದ್ದನ್ನು ತೆರೆಯುವಷ್ಟರಲ್ಲಿ ಮಾತುಕತೆ ಮುಗಿದಿತ್ತು. ಫಾರ್ಮಿನವರದು ಒಂದೇ ಕರಾರು: ಪಂಚಮಿ ಹಬ್ಬದವರೆಗೆ ಯಾರೂ ಒಯ್ಯದೆ ಉಳಿದವನ್ನು ಅವರಿಗೆ ವಾಪಸ್ ಕೊಡಬೇಕು, ಅವು ಧಾಬಾಕ್ಕೆ ಹೋಗುತ್ತವೆ. ಹೆಂಡತಿ ಹೂಂ ಎಂದಳು. ಅವರು ಮರ್ಯಾದೆಗೆ ನನ್ನ ಕಡೆ ತಿರುಗಿ, “ನೀವೇನ್ ಅಂತೀರಿ ಸಾಹೇಬ್ರ?” ಎಂದರು.

“ನಾ ಶೆಡ್ಡಿನ ಫೋಟೋ ತೆಗ್ಯಾಕ ಬಂದೇನ್ರಿ” ಎಂದೆ.

ದೇವರ ಹೂವು

ನಾವು ಬಾಡಿಗೆಗೆ ಇರುವುದು ಓಣಿಯವರೆಲ್ಲ ದೊಡ್ಡವ್ವ ಎನ್ನುವ ಹಿರಿಯಾಕೆಯ ಮನೆಯಲ್ಲಿ. ಮನೆ ಆಕೆಯದು, ಅಂಗಳ ಆಕೆಯದು, ಓಣಿಯ ಮೇಲಿನ ದರ್ಬಾರೂ ಆಕೆಯದೇ. ಆ ಅಂಗಳದಲ್ಲಿ ಮೊಲಗಳನ್ನು ಬಿಟ್ಟೆವು. ಒಂದೂ ಅಲುಗಲಿಲ್ಲ. ಹುಟ್ಟಿದಾಗಿನಿಂದ ತಂತಿಯ ಮೇಲಿದ್ದವು, ಮಣ್ಣು ಅಂದರೆ ಏನೆಂದು ಅವಕ್ಕೆ ಗೊತ್ತಿರಲಿಲ್ಲ. ಬಿಟ್ಟಲ್ಲೇ ಮುದ್ದೆಯಾಗಿ ಕುಳಿತವು.

ಹೆಂಡತಿ ಹೊಲಿಗೆ ಮಷೀನನ್ನೇ ಅಂಗಳಕ್ಕೆ ತಂದಳು. ಕುಪ್ಪಸ ಹೊಲಿಯುತ್ತ ಅವುಗಳ ನಡುವೆ ಕುಳಿತಳು. ಕರೆಯಲಿಲ್ಲ, ಮುಟ್ಟಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಂದು ಮರಿ ಮುಂದಿನ ಕಾಲು ಇಟ್ಟು ನೋಡಿತು, ಮಣ್ಣು ಮೂಸಿತು, ಆಮೇಲೆ ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿ ಗಾಳಿಯಲ್ಲೇ ಮೈ ತಿರುಗಿಸಿ ಕೆಳಗೆ ಬಿತ್ತು. ಅದನ್ನು ನೋಡಿ ಇನ್ನೊಂದು, ಮತ್ತೊಂದು. ಅಂಗಳದ ತುಂಬ ಕುಣಿತ. ಹೆಂಡತಿ ಮಷೀನು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥವಳನ್ನು ಕಟ್ಟಿಕೊಂಡಿದ್ದೇನಲ್ಲ ಎಂದು ನನಗೆ ಹೆಮ್ಮೆಯಾಯಿತು.

ಕುಣಿದ ಮೇಲೆ ಹಸಿವಾಗುತ್ತದೆ. ದೊಡ್ಡವ್ವ ಸಂಜೆಯ ಪೂಜೆಗೆ ಹೂವು ಹರಿಯಲು ಬಂದರೆ ಗುಲಾಬಿ ಗಿಡದಲ್ಲಿ ಮುಳ್ಳಷ್ಟೇ ಉಳಿದಿತ್ತು.

“ಏನ ಇದು? ದೇವರಿಗಿ ಅಂತ ಬೆಳಸಿದ್ನಲ್ಲಾ!”

“ಅವ್ವಾರ, ದೇವರು ಬರೇ ವಾಸನಿ ತಗೋತಾನ. ಇವು ಮನಸಾರೆ ತಗೊಂಡಾವ” ಎಂದಳು ನನ್ನ ಹೆಂಡತಿ.

ದೊಡ್ಡವ್ವನಿಗೆ ನಗು ಬರಲಿಲ್ಲ. “ಪಂಚಮಿಗಿ ನನ್ನ ಹೆಣ್ಣಮಕ್ಕಳು ಬರ್ತಾರ, ಅಂಗಳದಾಗ ಜೋಕಾಲಿ ಕಟ್ಟಬೇಕು. ಪಂಚಮಿ ಒಳಗ ಒಂದ ಮೊಲಾ ಉಳೀಬಾರದು. ಉಳೀತಂದ್ರ ಅದರ ಜೋಡಿ ನೀವೂ ಮನಿ ಖಾಲಿ ಮಾಡ್ರಿ” ಎಂದಳು.

ಆ ರಾತ್ರಿ ನಮ್ಮ ಮನೆಯಲ್ಲಿ ನೆಮ್ಮದಿಯಿಂದ ಉಂಡವು ಮೊಲಗಳು ಮಾತ್ರ.

ಕಣ್ಣು ಕಪ್ಪಿದ್ದ ಹುಡುಗಿ

“ನಿಮ್ಮ ಸ್ಟುಡಿಯೋದಾಗ ಕನ್ಯಾ ತೋರಿಸೋ ಫೋಟೋ ತಗೀತೀರಲ್ಲ, ಹಂಗ ಇವರದೂ ತಗೀರಿ” ಎಂದು ಹೆಂಡತಿ ಹುಕುಂ ಮಾಡಿದಳು. ಹಿಂದೆ ಸರೋವರ, ಹಂಸ ಇರುವ ಪರದೆ ಬಿಟ್ಟು, ಸ್ಟೂಲಿನ ಮೇಲೆ ಒಂದೊಂದೇ ಮೊಲ ಕೂರಿಸಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಬಿಟ್ಟೆವು. ಹುಣ್ಣುಗಾಲಿನ ಒಂದು ಮುದಿ ಮೊಲ ಮಾತ್ರ ಕ್ಯಾಮೆರಾ ಎತ್ತಿದಾಗಲೆಲ್ಲ ಬೆನ್ನು ತಿರುಗಿಸುತ್ತಿತ್ತು. ಫಾರ್ಮಿನಲ್ಲಿ ಅದು ಮರಿ ಹಾಕುವ ಮೊಲವಾಗಿತ್ತು. ಎಷ್ಟು ಹೆತ್ತರೂ ಒಂದೂ ಅದರ ಬಳಿ ಉಳಿದಿರಲಿಲ್ಲ.

ಹಾನಗಲ್ಲಿನಿಂದ ಒಬ್ಬ ಮಾಸ್ತರರು ಫೋಟೋ ಮೆಚ್ಚಿ ಹೆಂಡತಿ ಸಮೇತ ಬಂದರು. ಮೊಲವನ್ನು ತಂದು ಮುಂದಿಟ್ಟರೆ ಮುಖ ಗಂಟು ಹಾಕಿದರು.

“ಇದು ಆ ಮೊಲಾ ಅಲ್ರಿ.”

“ಅದ ರೀ ಸರ.”

“ಫೋಟೋದಾಗ ಕಣ್ಣು ಕಪ್ಪಿದ್ವು. ಇದರವು ಕೆಂಪದಾವ. ಒಂದ ಹುಡುಗಿ ತೋರಿಸಿ ಇನ್ನೊಂದು ಗಂಟ ಹಾಕಾಕತ್ತೀರೇನು?”

ಹೆಂಡತಿ ನನ್ನ ಕಡೆ ತಿರುಗಿದಳು. ಫ್ಲಾಶಿಗೆ ಮನುಷ್ಯರ ಕಣ್ಣು ಕೆಂಪಾಗಿ ಬೀಳುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಕಪ್ಪು ಮಾಡುವುದು ನಮ್ಮ ಕಸುಬು. ಬಿಳಿ ಮೊಲದ ಕಣ್ಣು ಹುಟ್ಟಿನಿಂದಲೇ ಕೆಂಪು. ಕೈ ರೂಢಿಯಲ್ಲಿ ಅಷ್ಟೂ ಮೊಲಗಳ ಕಣ್ಣನ್ನು ನಾನು ಕಪ್ಪು ಮಾಡಿ ಕುಳಿತಿದ್ದೆ.

ಮಾಸ್ತರರ ಹೆಂಡತಿ ಅಷ್ಟರಲ್ಲಿ ಮೊಲವನ್ನು ತೊಡೆಯ ಮೇಲೆ ಹಾಕಿಕೊಂಡಾಗಿತ್ತು. “ಇರ್ಲಿ ಬಿಡ್ರಿ” ಎಂದು ಗಂಡನಿಗೆ ಹೇಳಿದರು. “ನಿಮ್ಮ ಫೋಟೋದಾಗೂ ತಲಿತುಂಬ ಕೂದಲಿದ್ವು. ನಾ ಏನರ ಅಂದ್ನೇನು?”

ಮನೆ ನೋಡುವುದು

ಕೇಳಿದವರಿಗೆಲ್ಲ ಕೊಡುವ ಜಾಯಮಾನ ಹೆಂಡತಿಯದಲ್ಲ. ಮೊದಲು ಮನೆ ನೋಡಬೇಕು. ಬಿಸಿಲು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿದೆ, ಮೊಲ ಓಡಾಡುವ ನೆಲ ಮೆತ್ತಗಿದೆಯೋ ಇಲ್ಲವೋ, ಎಲ್ಲ ವಿಚಾರಿಸುತ್ತಿದ್ದಳು. ಸ್ಕೂಟರ್ ಓಡಿಸುವವ ನಾನು.

ಹಾನಗಲ್ ರಸ್ತೆಯ ಒಂದು ಮನೆಯಲ್ಲಿ ಯಜಮಾನ ಬಹಳ ಉತ್ಸಾಹದಿಂದ ಬರಮಾಡಿಕೊಂಡ. “ಸ್ವಲ್ಪ ದಪ್ಪಂದು ಕೊಡ್ರಿ” ಎಂದ. ಹೆಂಡತಿ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಬಂದವಳೇ ಚಪ್ಪಲಿ ಮೆಟ್ಟಿದಳು.

“ಯಾಕ್ರಿ ಅಕ್ಕಾರ, ಚಾ ಕುಡೀರಲ್ಲ?”

“ಬ್ಯಾಡ್ರಿ. ಒಳಗ ಮಸಾಲಿ ಆಗಲೇ ರುಬ್ಬಿ ಇಟ್ಟಾರ.”

ಸವಣೂರಿನಲ್ಲಿ ಒಬ್ಬ ವೀಳ್ಯದೆಲೆ ವ್ಯಾಪಾರಿಯ ಮನೆ. ಹಸಿರು ಎಲೆಗೆ ಕೊರತೆಯಿಲ್ಲ, ಹಿತ್ತಲು ವಿಶಾಲ, ಎಲ್ಲರದೂ ನಗುಮುಖ. ವ್ಯಾಪಾರಿಯ ತಾಯಿ ಮಾತ್ರ ಮೂಲೆಯಲ್ಲಿ ಕುಳಿತು ಎಲ್ಲರನ್ನೂ ಬೈಯುತ್ತಿದ್ದರು. ಅವರನ್ನು ನೋಡಿ ನಾನು ಹಿಂಜರಿದೆ, ಹೆಂಡತಿ ಹಿಂಜರಿಯಲಿಲ್ಲ. ಮಾತು ಮುಗಿದು ಎದ್ದಾಗ ಕಪಾಟಿನ ಮೇಲಿಂದ ದಪ್ಪ ಬೆಕ್ಕೊಂದು ಧೊಪ್ಪನೆ ಇಳಿದು ಬಂತು. ಹೆಂಡತಿ ಕೈಮುಗಿದುಬಿಟ್ಟಳು.

“ತಪ್ಪ ತಿಳೀಬ್ಯಾಡ್ರಿ. ಅತ್ತಿ ಇದ್ದ ಮನಿಗೆ ಕೊಡಬಹುದು, ಬೆಕ್ಕಿದ್ದ ಮನಿಗೆ ಕೊಡಾಕ ಆಗೂದಿಲ್ಲ.”

ಮೂಲೆಯ ಅತ್ತೆ ಅಂದು ಮೊದಲ ಸಲ ನಕ್ಕರು.

ಉಡಿ ತುಂಬಿದ್ದು

ಹೀಗೆ ಒಂದೊಂದೇ ಮೊಲಕ್ಕೆ ಮನೆ ಸಿಕ್ಕಿತು. ಕಳಿಸುವಾಗ ಹೆಂಡತಿ ಉಡಿ ತುಂಬುತ್ತಿದ್ದಳು. ಬುಟ್ಟಿಯಲ್ಲಿ ಹೊಲಿಗೆಯಲ್ಲಿ ಉಳಿದ ಖಣದ ತುಂಡುಗಳ ಮೆತ್ತನೆ ಹಾಸಿಗೆ, ಹುಣ್ಣುಗಾಲಿಗೆ ಅದೇ ಔಷಧಿ. ಅದರ ಮೇಲೆ ಒಂದು ಹಿಡಿ ಕುದುರೆಮೆಂತೆ ಸೊಪ್ಪು, ಒಂದು ಗಜ್ಜರಿ. ಆಮೇಲೆ ಮಗಳನ್ನು ಕಳಿಸುವಾಗ ಎಲ್ಲರೂ ಹೇಳುವ ಮಾತನ್ನೇ ಹೇಳುತ್ತಿದ್ದಳು: “ಪಂಚಮಿಗಿ ತವರಿಗಿ ಕಳಸ್ರಿ, ಮರೀಬ್ಯಾಡ್ರಿ.” ಕೇಳಿದವರು ನಕ್ಕು ಹೋಗುತ್ತಿದ್ದರು.

ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿ ಮತ್ತು ಅವರ ಹೆಂಡತಿ ಮಾತ್ರ ನಗಲಿಲ್ಲ. ಬಹಳ ಸಂಪ್ರದಾಯದ ಜನ. ಅಕ್ಕ-ತಂಗಿ ಜೋಡಿ ಎಂದು ಎರಡು ಮೊಲ ಒಯ್ದಿದ್ದರು. “ಎರಡೂ ಹೆಣ್ಣ, ನಾ ನೋಡೇನಿ” ಎಂದು ಹೆಂಡತಿ ಎದೆ ತಟ್ಟಿ ಹೇಳಿದ್ದಳು. “ಕಳಸ್ತೇವ್ರಿ” ಎಂದು ಆ ಗಂಡ-ಹೆಂಡಿರು ಗಂಭೀರವಾಗಿ ತಲೆಯಾಡಿಸಿದ್ದರು.

ಪಂಚಮಿ

ಪಂಚಮಿಯ ದಿನ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಬಿತ್ತು. ದೊಡ್ಡವ್ವನ ಹೆಣ್ಣುಮಕ್ಕಳು ಬಂದಿದ್ದರು. ನಮ್ಮ ಬಳಿ ಉಳಿದದ್ದು ಒಂದೇ ಮೊಲ, ಆ ಮುದುಕಿ. ಯಾರೂ ಅದನ್ನು ಕೇಳಿರಲಿಲ್ಲ. ಸಂಜೆ ಫಾರ್ಮಿನವರು ಬರುವವರಿದ್ದರು. ಹೆಂಡತಿ ಬೆಳಗಿನಿಂದ ಹಬ್ಬದ ಉಂಡಿಯನ್ನೂ ಮುಟ್ಟದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಇಟ್ಟುಕೊಂಡರೆ ಮನೆ ಬಿಡಬೇಕು, ಕೊಟ್ಟರೆ ಧಾಬಾ.

ಅಷ್ಟರಲ್ಲಿ ಹಿರೇಕೆರೂರಿನ ದಂಪತಿ ಬುಟ್ಟಿ ಹೊತ್ತು, ಉಂಡಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು.

“ಕರ್ಯಾಕ ಬರ್ತೀರಂತ ಹಾದಿ ನೋಡಿದ್ವಿ. ನೀವು ಬರ್ಲಿಲ್ಲ, ನಾವ ಬಂದ್ವಿ” ಎಂದರು ವ್ಯಾಪಾರಿ, ಸ್ವಲ್ಪ ಮುನಿಸಿನಿಂದ. “ನಿಮ್ಮ ಹುಡುಗಿಗೆ ತವರಿನ ಚಿಂತಿ ಹತ್ತೇತ್ರಿ. ಎದಿಮ್ಯಾಲಿನ ಕೂದಲಾ ತಾನ ಕಿತ್ಕೊಳ್ಳಾಕತ್ತಾಳ.”

ಹೆಂಡತಿ ಬುಟ್ಟಿಯೊಳಗೆ ಇಣುಕಿದಳು. “ಅಯ್ಯ! ಚಿಂತಿ ಅಲ್ರಿ ಇದು. ಮರಿಗೆ ಹಾಸಿಗಿ ಮಾಡಾಕತ್ತಾಳ. ಇವತ್ತ ನಾಳೆ ಹಡೀತಾಳ.”

“ಹಡ್ಯಾಕ ಹೆಂಗ ಸಾಧ್ಯ? ಎರಡೂ ಹೆಣ್ಣ ಅಂದಿದ್ರಿ!”

ಹೆಂಡತಿ ‘ತಂಗಿ’ಯನ್ನು ಎತ್ತಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಅದನ್ನು ನಿಧಾನವಾಗಿ ಕೆಳಗಿಟ್ಟು, “ಇವರು ಅಳಿಯಂದ್ರು” ಎಂದಳು.

ವ್ಯಾಪಾರಿಯ ಹೆಂಡತಿ ಸೆರಗು ಸರಿಮಾಡಿಕೊಂಡರು. “ಹಂಗಾದ್ರ ಇದು ಚೊಚ್ಚಲು. ಚೊಚ್ಚಲ ಬಾಣಂತನ ತವರಮನಿದಲ್ರಿ? ನಾವು ವಾಪಸ್ ಒಯ್ದ್ರ ಮಂದಿ ಏನಂದಾರು?” ಎಂದು ಬುಟ್ಟಿಯನ್ನು ಹೊಸ್ತಿಲ ಒಳಗೆ ಸರಿಸಿದರು.

ಜೋಕಾಲಿ ನಿಂತಿತು. ದೊಡ್ಡವ್ವ ಎದ್ದು ಬಂದಳು. ನಾನು ಮನಸ್ಸಿನಲ್ಲೇ ಪಾತ್ರೆ ಪಗಡ ಕಟ್ಟತೊಡಗಿದೆ.

ದೊಡ್ಡವ್ವ ಬುಟ್ಟಿ ನೋಡಿದಳು, ತನ್ನ ಹೆಣ್ಣುಮಕ್ಕಳನ್ನು ನೋಡಿದಳು. ಅವರ ಬಾಣಂತನಗಳೆಲ್ಲ ಆ ಮನೆಯಲ್ಲೇ ಆದದ್ದು. “ಏನ್ ನಿಂತೀರಿ? ದಿನಾ ತುಂಬಿದಾಕಿನ್ನ ಹಬ್ಬದ ದಿನ ಹೊಸ್ತಿಲದಾಗ ನಿಲ್ಲಸ್ತಾರೇನು? ಒಳಗಿನ ಬಾಣಂತಿ ಖೋಲಿಗಿ ಒಯ್ರಿ. ಅಳಿಯ ಬ್ಯಾರೆ ಕಡೆ ಇರ್ಲಿ, ಇಲ್ಲಂದ್ರ ಮತ್ತ ಸುರು ಆಗ್ತೈತಿ” ಎಂದಳು.

ಈ ಗದ್ದಲದ ನಡುವೆಯೇ ಫಾರ್ಮಿನವರು ತಂತಿ ಪಂಜರ ಹಿಡಿದು ಬಂದರು. ಹೆಂಡತಿಯ ಕೈ ಮುದಿ ಮೊಲವನ್ನು ಬಿಗಿಯಾಗಿ ಹಿಡಿಯಿತು. ದೊಡ್ಡವ್ವ ಅದನ್ನು ಕಂಡಳು.

“ಏನಪಾ, ನಿನ್ನಲ್ಲಿ ನೆಲಾ ಮೆತ್ತಗ ಐತೇನು?”

“ಇಲ್ರಿ, ಪಂಜರ ಐತಿ.”

“ಹಂಗಾದ್ರ ಹೆಣ್ಣ ಕೊಡೂದಿಲ್ಲ. ಹೋಗು.”

“ದೊಡ್ಡವ್ವಾರ, ಅದು ಮುದುಕಿ ಐತ್ರಿ. ಅದನ್ನ ಯಾರ್ ಇಟ್ಕೋತಾರ?”

“ಮುದುಕಿ ಆದ್ರ ತವರು ಬ್ಯಾಡೇನು? ನನ್ನ ತವರಾಗ ಯಾರೂ ಉಳಿದಿಲ್ಲ, ಪಂಚಮಿಗಿ ನನ್ನ ಕರ್ಯಾಕ ಯಾರೂ ಬರೂದಿಲ್ಲ. ಅದಕ್ಕ ಇಲ್ಲೇ ಕುಂತೇನಿ. ಆಕಿನೂ ನನ್ನ ಜೋಡಿ ಕುಂದ್ರಲಿ.”

ದೊಡ್ಡವ್ವ ಹೋಗಿ ಜೋಕಾಲಿಯಲ್ಲಿ ಕುಳಿತಳು. ಫಾರ್ಮಿನವರು ಪಂಜರವನ್ನು ಹೊರಗಿಟ್ಟು, ಒಳಗೆ ಬಂದು ಕುಳಿತು ಉಂಡಿ ತಿಂದರು. ಹೆಂಡತಿ ಮೊಲವನ್ನು ದೊಡ್ಡವ್ವನ ಮಡಿಲಿಗೆ ಹಾಕಿ, ಅಳುತ್ತಲೇ ನಗುತ್ತಿದ್ದಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ. “ಅವ್ವಾರ, ಪಂಚಮಿ ಒಳಗ ಒಂದ ಮೊಲಾ ಉಳೀಬಾರದು ಅಂದಿದ್ರಲ್ಲ?” ಎಂದೆ.

ದೊಡ್ಡವ್ವ ಮೊಲದ ಕಿವಿ ಸವರುತ್ತ ಕಾಲಿನಿಂದ ನೆಲ ಒತ್ತಿ ಜೋಕಾಲಿ ಜೀಕಿದಳು.

“ಯಾವ ವರ್ಷದ ಪಂಚಮಿ ಅಂತ ಹೇಳಿದ್ನೇನು?”